ಬೈರೇದೇವರ ಗೋಡೆಗೆ ಸುಣ್ಣ ಬಳಿಯುತ್ತಿದ್ದವನು

ಚೆನ್ನಕುಂಟೆಯ ಚಿಕ್ಕಬೈರಪ್ಪ ಏನು ಕೆಲಸ ಮಾಡುತ್ತಾನೆಂದು ಯಾರೂ ಕೇಳಬೇಕಾಗಿರಲಿಲ್ಲ, ಕೈ ನೋಡಿದರೆ ಸಾಕಿತ್ತು. ಉಗುರಿನ ಸಂದಿಯಲ್ಲಿ ಸುಣ್ಣ, ಅಂಗೈಯ ಬಿರುಕುಗಳಲ್ಲಿ ಸುಣ್ಣ, ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಕಿವಿಯ ಹಿಂದೆ ಒಂದಿಷ್ಟು ಸುಣ್ಣ. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುವವರು ಸುಣ್ಣದ ಡಬ್ಬಿ ಮರೆತು ಬಂದಿದ್ದರೆ, "ಬೈರಪ್ಪಾ, ಒಂಚೂರು ಬೆರಳು ಕೊಡಪ್ಪ" ಎಂದು ರೇಗಿಸುತ್ತಿದ್ದರು. ಅವನೂ ನಗುತ್ತಾ ಬೆರಳು ಚಾಚುತ್ತಿದ್ದ. ಐವತ್ತೈದು ದಾಟಿದ ಮನುಷ್ಯ, ಮಾತು ಕಡಿಮೆ, ಕೋಪ ಅದಕ್ಕಿಂತ ಕಡಿಮೆ. ಹಾಗೆಂದು ಅವನಿಗೆ ಕೋಪವೇ ಬರುತ್ತಿರಲಿಲ್ಲ ಎಂದಲ್ಲ. ಬಂದದ್ದು ಒಂದೇ ಸಲ, ಅದನ್ನು ಮುಂದೆ ಹೇಳುತ್ತೇನೆ.

ಜಯನಗರ ದಕ್ಷಿಣಕ್ಕೆ ಬೆಳೆಯುತ್ತಿದ್ದ ಕಾಲ ಅದು. ಸರ್ವೆಯವರು ಬಂದು ರಾಗಿ ಹೊಲದಲ್ಲಿ ಗೂಟ ನೆಟ್ಟು ಹೋಗುತ್ತಿದ್ದರು, ಮುಂದಿನ ವರ್ಷ ಅಲ್ಲಿ ರಸ್ತೆ ಎದ್ದಿರುತ್ತಿತ್ತು. ಉತ್ತರಹಳ್ಳಿಯ ದಾರಿಯಲ್ಲಿದ್ದ ಚೆನ್ನಕುಂಟೆಗೆ ಸುತ್ತಲ ಹೊಲಗಳೆಲ್ಲ ಹೋಗಿ ಕೊನೆಗೆ ಉಳಿದದ್ದು ಒಂದೇ ಬೀದಿ, ಒಂದು ಬಾವಿ, ಬೈರೇದೇವರ ಕಲ್ಲಿನ ಗುಡಿ. ಚಿಕ್ಕಬೈರಪ್ಪನ ಇಪ್ಪತ್ತು ಗುಂಟೆಯೂ ಹಾಗೆಯೇ ಹೋಯಿತು. ಅವನು ತನ್ನ ಹೊಲದ ಮೇಲೆ ಎದ್ದ ಮನೆಗೇ ಸುಣ್ಣ ಬಳಿದು ಬಂದ. ಆಮೇಲೆ ಹೊಸ ಮನೆಯವರೆಲ್ಲ ಡಿಸ್ಟೆಂಪರ್ ಬೇಕು ಎನ್ನತೊಡಗಿದರು, ಆ ಕೆಲಸವೂ ಕೈಬಿಟ್ಟಿತು. ಹೆಂಡತಿ ಸೊಣ್ಣಮ್ಮ ತೀರಿಹೋಗಿ ಆರು ವರ್ಷವಾಗಿತ್ತು. ಮಗಳು ಗಂಡನ ಮನೆಯಲ್ಲಿದ್ದಳು.

ಅವನಿಗೆ ಉಳಿದಿದ್ದದ್ದು ಗುಡಿಯ ಸುಣ್ಣದ ಸೇವೆ ಒಂದೇ. ಪ್ರತಿ ವರ್ಷ ಯುಗಾದಿಯ ಹಿಂದಿನ ದಿನ ಗುಡಿಯ ಹೊರಗೋಡೆಗೆಲ್ಲ ಹೊಸ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಅವರ ಮನೆತನದ ಸೇವೆ. ಅವನ ತಾತ ಮಾಡಿದ್ದ, ಅಪ್ಪ ಬೋರಣ್ಣ ಮಾಡಿದ್ದ, ಮೂವತ್ತೆರಡು ವರ್ಷದಿಂದ ಇವನು ಮಾಡುತ್ತಿದ್ದ. ಯುಗಾದಿಯ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಪೂಜಾರಿ ಸಿದ್ದಲಿಂಗಯ್ಯನವರು ಆರತಿ ತಟ್ಟೆ ಹಿಡಿದು ಹೊಸ್ತಿಲ ಮೇಲೆ ನಿಂತು ಸೇವೆಗಳನ್ನು ಗಟ್ಟಿಯಾಗಿ ಕೂಗುತ್ತಿದ್ದರು: "ಎಣ್ಣೆ ಸೇವೆ, ಪಟೇಲ್ ರಾಮಯ್ಯ. ಹೂವಿನ ಸೇವೆ, ಮುನಿವೆಂಕಟಮ್ಮ. ಸುಣ್ಣದ ಸೇವೆ, ಚಿಕ್ಕಬೈರಪ್ಪ." ಹೆಸರು ಕೂಗಿಸಿಕೊಂಡವರು ಎಲ್ಲರಿಗಿಂತ ಮೊದಲು ಮುಂದೆ ಬಂದು ಆರತಿ ತೆಗೆದುಕೊಳ್ಳಬೇಕು. ಆದರೆ ಆ ವರ್ಷದ ಸೇವೆ ನಡೆದಿದ್ದರೆ ಮಾತ್ರ ಹೆಸರು. ತಮಟೆ ಸೇವೆಯ ಮನೆಯವರು ಕಾರ್ಖಾನೆ ಕೆಲಸ ಸಿಕ್ಕಿ ಊರು ಬಿಟ್ಟರು, ಒಂದು ಯುಗಾದಿಗೆ ಬರಲಿಲ್ಲ, ಅವರ ಹೆಸರನ್ನು ಮತ್ತೆ ಯಾರೂ ಕೂಗಲಿಲ್ಲ. ಹೊಲವಿಲ್ಲದ, ಹೆಂಡತಿಯಿಲ್ಲದ ಚಿಕ್ಕಬೈರಪ್ಪ ವರ್ಷಕ್ಕೊಮ್ಮೆ ಆ ಕೂಗು ಕೇಳಿ ತಾನು ಈ ಊರಿನವನು ಎಂದು ತಿಳಿದುಕೊಳ್ಳುತ್ತಿದ್ದ. ಇದು ನನ್ನ ಊಹೆಯಲ್ಲ, ಅವನೇ ಒಮ್ಮೆ ಬಾಯಿಬಿಟ್ಟು ಹೇಳಿದ್ದು.

ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ ರಾಮಪ್ರಸಾದ ಎಂಬ ಕಾಲೇಜಿನ ಮೇಷ್ಟ್ರು ಸೈಕಲ್ ತುಳಿದುಕೊಂಡು ಊರಿಗೆ ಬಂದರು. ಹಳೆಯ ಗುಡಿ, ಹಳೆಯ ಕಲ್ಲು ಎಂದರೆ ಊಟ ಬಿಡುವ ಜಾತಿಯ ಮನುಷ್ಯ. ಬಿಸಿಲಲ್ಲಿ ಗುಡಿಯನ್ನು ಮೂರು ಸುತ್ತು ಸುತ್ತಿದರು. ಮಳೆನೀರು ಸುರಿದು ಸುಣ್ಣ ಚಕ್ಕೆ ಎದ್ದಿದ್ದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಚಕ್ಕೆಯೊಂದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು. ಒಳಗೆ ಕಾಲ್ಗಡಗ ಹಾಕಿದ ಒಂದು ಪುಟ್ಟ ಕಲ್ಲಿನ ಪಾದ ಇತ್ತು. ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅವರಿಗೆ ತಲೆ ಸುತ್ತಿತೆಂದು ಹೂವಿನ ಮುನಿವೆಂಕಟಮ್ಮ ಓಡಿಹೋಗಿ ಮಜ್ಜಿಗೆ ತಂದುಕೊಟ್ಟಳು.

ಆ ಭಾನುವಾರ ಅರಳಿಕಟ್ಟೆಯಲ್ಲಿ ಊರು ಸೇರಿತು. ಸುಣ್ಣದ ಕೆಳಗೆ ಸುತ್ತಲೂ ಕೆತ್ತನೆಯ ಸಾಲಿದೆ, ಏಳೆಂಟು ನೂರು ವರ್ಷ ಹಳೆಯದು, ಸುಣ್ಣ ತೆಗೆದರೆ ನೋಡಲು ದೂರದಿಂದ ಜನ ಬರುತ್ತಾರೆ ಎಂದು ಮೇಷ್ಟ್ರು ಹೇಳಿದರು. ಲಾಲ್‌ಬಾಗ್ ತೋರಿಸುವ ಪ್ರವಾಸಿಗಳ ಬಸ್ಸನ್ನು ಭಾನುವಾರ ಇಲ್ಲಿಯವರೆಗೂ ತರಿಸಬಹುದು, ಕಚೇರಿಯಲ್ಲಿ ಮಾತಾಡಿದ್ದೇನೆ ಎಂದೂ ಹೇಳಿದರು.

"ಬಸ್ಸು ಬಂದ್ರೆ ನಮಗೇನು ಬಂತಪ್ಪ? ಅವರು ನೋಡ್ಕೊಂಡು ಹೋಗ್ತಾರೆ, ನಾವು ಧೂಳು ಕುಡೀತೀವಿ" ಎಂದಳು ಮುನಿವೆಂಕಟಮ್ಮ. ಅರವತ್ತರ ಹೆಂಗಸು, ಊರಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ.

ಪಟೇಲ್ ರಾಮಯ್ಯ ಆಗಲೇ ಲೆಕ್ಕ ಹಾಕಿಯಾಗಿತ್ತು. "ಮುನಿಯಕ್ಕ, ಬಸ್ಸು ಬರಬೇಕಾದ್ರೆ ರಸ್ತೆ ಆಗ್ಬೇಕು. ರಸ್ತೆ ಆದ್ರೆ ಸಿಟಿ ಬಸ್ಸೂ ಬತ್ತದೆ. ನೀನು ಹೂವಿನ ಮಂಕರಿ ಹೊತ್ಕಂಡು ಎರಡು ಮೈಲಿ ಜಯನಗರದ ಸ್ಟಾಪಿಗೆ ನಡೀತೀಯಲ್ಲ, ಅದು ತಪ್ಪುತ್ತೆ. ಗುಡಿ ಮುಂದೆ ಹೂವು, ಸೀಬೆಹಣ್ಣು, ಮಜ್ಜಿಗೆ ಮಾರೋದು ನಮ್ಮೂರ ಹೆಂಗಸರೇ, ಹೊರಗಿನೋರಿಗೆ ಅಲ್ಲಿ ಜಾಗ ಇಲ್ಲ. ಅದನ್ನ ಮೇಷ್ಟ್ರು ಬರೆಸ್ಕೊಡ್ತಾರೆ. ಪೂಜೆ ಹೊತ್ತಲ್ಲಿ ಯಾರೂ ಒಳಗೆ ಬರಂಗಿಲ್ಲ, ಚಪ್ಪಲಿ ಆಚೆ."

ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ತಲೆಯ ಮೇಲೆ ಮಂಕರಿ ಹೊತ್ತು ಕೆಸರಲ್ಲಿ ಎರಡು ಮೈಲಿ ನಡೆದವರಿಗೇ ಆ ಮಾತಿನ ಬೆಲೆ ಗೊತ್ತು. ಯಾರೂ ಬೇಡ ಎನ್ನಲಿಲ್ಲ. ಆಗ ಕಟ್ಟೆಯ ಹಿಂದಿನಿಂದ ಚಿಕ್ಕಬೈರಪ್ಪ ಎದ್ದು ನಿಂತ. ಅವನ ಗಂಟಲು ಅಷ್ಟು ಜೋರು ಇದೆಯೆಂದು ಆವತ್ತಿನವರೆಗೆ ಯಾರಿಗೂ ತಿಳಿದಿರಲಿಲ್ಲ.

"ನಮ್ಮ ತಾತ ಬಳಿದಿದ್ದು, ನಮ್ಮಪ್ಪ ಬಳಿದಿದ್ದು, ನಾನು ಬಳಿದಿದ್ದು. ಅದೇನು ಕಸಾನಾ ಮೇಷ್ಟ್ರೇ, ಕೆರೆದು ಬಿಸಾಕಕ್ಕೆ? ಗುಡಿಗೆ ಸುಣ್ಣ ಇಲ್ದೇ ಇದ್ರೆ ಸಾವಾದ ಮನೆ ಥರ ಕಾಣುತ್ತೆ. ಬೈರೇದೇವರಿಗೆ ಯಾರು ಸತ್ತವ್ರೆ ಅಂತ ಸೂತಕ?" ಎಂದವನು ದನಿ ತಗ್ಗಿಸಿ, "ಸುಣ್ಣ ಬೇಡ ಅಂದ್ಮೇಲೆ ನಾನು ಯಾವೋನು ಈ ಊರಿಗೆ?" ಎಂದ.

ಆದರೆ ಊರಿಗೆ ಬಸ್ಸು ಬೇಕಾಗಿತ್ತು. ಮೇಷ್ಟ್ರು ನಿಧಾನವಾಗಿ ಮಾಡೋಣ, ನಾನು ನಿಮ್ಮ ಹತ್ತಿರ ಬಂದು ಮಾತಾಡುತ್ತೇನೆ ಎಂದರು. ಅವನು ಟವಲ್ ಒದರಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.

ನಿಧಾನ ಎನ್ನುವುದು ಪಟೇಲ್ ರಾಮಯ್ಯನಿಗೆ ಹುಟ್ಟಿನಿಂದಲೇ ಬಂದದ್ದಲ್ಲ. ದಸರಾ ಮುಗಿದ ವಾರ, ಮೇಷ್ಟ್ರಿಗೂ ಹೇಳದೆ ಇಬ್ಬರು ಕಲ್ಲುಕುಟಿಗರನ್ನು ಕರೆಸಿ ಗುಡಿಯ ತೆಂಕಣ ಗೋಡೆಯ ಮುಂದೆ ಕೂರಿಸಿದ. ಅವರು ಪಾಪ ಕಲ್ಲು ಒಡೆಯಲು ಕಲಿತವರು, ಉಳಿ ಸುತ್ತಿಗೆ ತೆಗೆದು ಟಣ್ ಟಣ್ ಎಂದು ಶುರುಮಾಡಿದರು. ಚಿಕ್ಕಬೈರಪ್ಪ ಮನೆಯ ಬಾಗಿಲು ಹಾಕಿಕೊಂಡು ಕಂಬಳಿ ಹೊದ್ದು ಮಲಗಿದ. ನೋಡಬಾರದು ಎಂದುಕೊಂಡಿದ್ದ, ಆದರೆ ಕೇಳಿಸುತ್ತಿತ್ತು. ಸುಣ್ಣಕ್ಕೆ ಉಳಿ ಬಿದ್ದರೆ ಒಂದು ಸದ್ದು, ಕಲ್ಲಿಗೆ ಬಿದ್ದರೆ ಇನ್ನೊಂದು. ಆ ಎರಡನೆಯ ಸದ್ದು ಕಿವಿಗೆ ಬಿದ್ದ ಕೂಡಲೇ ಅವನು ಎದ್ದು ಬರಿಗಾಲಲ್ಲಿ ಓಡಿದ.

ಗೋಡೆಯ ಬುಡದಲ್ಲಿ ಒಂದು ಮೊಳದಷ್ಟು ಸುಣ್ಣ ಹೋಗಿತ್ತು. ಒಳಗಿನಿಂದ ಒಂದು ಹಸು ಹೊರಬಂದಿತ್ತು, ಕತ್ತು ತಿರುಗಿಸಿ ಕರುವಿನ ಬೆನ್ನು ನೆಕ್ಕುತ್ತಿರುವ ಹಸು. ಕರು ತಲೆಯೆತ್ತಿ ಹಾಲು ಕುಡಿಯುತ್ತಿತ್ತು. ಅದರ ಒಂದು ಕಿವಿ ಆಗತಾನೇ ಮುರಿದು ಸುಣ್ಣದ ಪುಡಿಯಲ್ಲಿ ಬಿದ್ದಿತ್ತು.

ಇದೇ ನಾನು ಹೇಳಿದ ಕೋಪ. ಅವನು ಉಳಿಯನ್ನು ಕಿತ್ತುಕೊಂಡು ಬೇಲಿಯಾಚೆ ಎಸೆದ. "ಕಬ್ಬಿಣ ಹಾಕ್ತಾರೇನ್ರಯ್ಯಾ ಇದಕ್ಕೆ? ಕಣ್ಣು ಕಾಣಲ್ವಾ?" ಎಂದು ಕೂಗಿದ. ಆಮೇಲೆ ಮಂಡಿಯೂರಿ ಆ ಕಲ್ಲಿನ ಚೂರನ್ನು ಹುಡುಕಿ ತೆಗೆದ. ಮೂವತ್ತೆರಡು ವರ್ಷ ಆ ಜಾಗದಲ್ಲಿ ಕುಂಚ ಆಡಿಸಿದ್ದಾನೆ, ಅಲ್ಲಿ ಗೋಡೆ ಉಬ್ಬಿದೆ ಎಂದು ಮಾತ್ರ ಗೊತ್ತಿತ್ತು. ಉಬ್ಬಿದ್ದು ಹಸು ಎಂದು ಗೊತ್ತಿರಲಿಲ್ಲ.

ಸುದ್ದಿ ಕೇಳಿ ಸಂಜೆ ಓಡಿ ಬಂದ ಮೇಷ್ಟ್ರಿಗೆ ಅವನೇ ಹೇಳಿದ: "ಎಲ್ಲೆಲ್ಲಿ ದಪ್ಪ ಐತೆ, ಎಲ್ಲೆಲ್ಲಿ ತೆಳ್ಳಗೈತೆ ಅಂತ ನನ್ನ ಕೈಗೆ ಗೊತ್ತು. ತೆಗೀಲೇಬೇಕು ಅಂದ್ರೆ ನಾನು ತೆಗೀತೀನಿ. ಬೇರೆ ಯಾರೂ ಮುಟ್ಟಂಗಿಲ್ಲ." ರಾಮಯ್ಯ ತಪ್ಪು ಮಾಡಿದವನಂತೆ ತಲೆ ಬಗ್ಗಿಸಿ ಹೂಂ ಎಂದ. ತಪ್ಪು ಮಾಡಿದ್ದನಲ್ಲ, ಹಾಗಾಗಿ ಅದು ಕಷ್ಟವಾಗಲಿಲ್ಲ.

ಕೆಲಸ ದೀಪಾವಳಿಗೆ ಮೊದಲು ಶುರುವಾಗಿ ಸಂಕ್ರಾಂತಿಯವರೆಗೂ ನಡೆಯಿತು. ಹುಣಿಸೆಹಣ್ಣು ಹಾಕಿ ಉಜ್ಜಿದರೆ ಒಂದೇ ದಿನದಲ್ಲಿ ಹೋಗುತ್ತದೆ ಎಂದ ಚಿಕ್ಕಬೈರಪ್ಪ. ಮೇಷ್ಟ್ರು ಗಾಬರಿಯಿಂದ, "ಅಯ್ಯೋ, ಇದು ಹಿತ್ತಾಳೆ ತಂಬಿಗೆ ಅಲ್ಲ ಮಾರಾಯ್ರೇ!" ಎಂದರು. ಕೊನೆಗೆ ಇಬ್ಬರೂ ಸೇರಿ ಒಂದು ದಾರಿ ಕಂಡುಕೊಂಡರು. ಗೋಣಿತಾಟು ನೆನೆಸಿ ಒಂದು ರಾತ್ರಿ ಗೋಡೆಗೆ ಹೊದಿಸುವುದು, ಬೆಳಿಗ್ಗೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸುವುದು, ಕೊನೆಗೆ ತೆಂಗಿನ ನಾರಿನಿಂದ ಒರೆಸುವುದು. ದಿನಕ್ಕೆ ಒಂದು ಗೇಣು ಆದರೆ ಹೆಚ್ಚು. ಬಳಿಯುವಾಗ ಇಡೀ ಗುಡಿ ಒಂದು ದಿನದ ಕೆಲಸವಾಗಿತ್ತು. ಅಷ್ಟು ವರ್ಷ ಮಾಡಿದ್ದನ್ನು ತೆಗೆಯಲು ಅದಕ್ಕೆ ತಕ್ಕ ಹೊತ್ತು ಬೇಕು ಎನ್ನುವುದು ಅವನಿಗೆ ನ್ಯಾಯವಾಗಿಯೇ ಕಂಡಿತು.

ಮೊದಮೊದಲು ಅವನಿಗೆ ಸಂಕಟವಾಗುತ್ತಿತ್ತು. ಉದುರಿದ ಸುಣ್ಣವನ್ನು ತುಳಿಯಲು ಮನಸ್ಸಾಗದೆ ಮಂಕರಿಗೆ ತುಂಬಿ ತೆಂಗಿನ ಮರದ ಬುಡಕ್ಕೆ ಹಾಕುತ್ತಿದ್ದ. ಮೇಷ್ಟ್ರು ಭಾನುವಾರ ಭಾನುವಾರ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಒಮ್ಮೆ ಹಸುವಿನ ಕಣ್ಣಿನ ಮೇಲೆ ಬೆರಳಾಡಿಸಿ, "ನೋಡಿ ಚಿಕ್ಕಬೈರಪ್ಪನವರೇ, ರೆಪ್ಪೆ ಕೂಡ ಉಳಿದಿದೆ. ಮಳೆ, ಬಿಸಿಲು, ದೀಪದ ಹೊಗೆ ಯಾವುದೂ ತಾಗದ ಹಾಗೆ ನಿಮ್ಮ ಸುಣ್ಣವೇ ಇದನ್ನು ಕಾಪಾಡಿದೆ. ನಿಮ್ಮ ಹಿರಿಯರು ಬಳಿಯದೇ ಹೋಗಿದ್ದರೆ ನಾವು ಇವತ್ತು ಬರೀ ಸವೆದ ಕಲ್ಲು ನೋಡ್ತಿದ್ವಿ" ಎಂದರು. ಆ ಮಾತು ಅವನಿಗೆ ಹಿತವಾಯಿತು. ಸಮಾಧಾನಕ್ಕೆ ಹೇಳಿದ್ದೋ ನಿಜವೋ ಎಂದು ಎರಡು ದಿನ ಯೋಚಿಸಿ, ಮೇಷ್ಟ್ರು ಸುಳ್ಳು ಹೇಳುವವರಲ್ಲ ಎಂದು ತೀರ್ಮಾನ ಮಾಡಿದ.

ಒಂದು ಬೆಳಿಗ್ಗೆ ಪಡುವಣ ಗೋಡೆಯಿಂದ ದೊಡ್ಡ ಚಕ್ಕೆಯೊಂದು ಇಡಿಯಾಗಿ ಕೈಗೆ ಬಂತು. ಅಂಚು ನೋಡಿದರೆ ಈರುಳ್ಳಿಯ ಹಾಗೆ ಪದರ ಪದರ. ಬಿಳಿ, ಬಿಳಿ, ಮಣ್ಣು ಬಣ್ಣ, ಮತ್ತೆ ಬಿಳಿ. ಮೇಷ್ಟ್ರು ಕೇಳಿದ್ದಕ್ಕೆ ಚಿಕ್ಕಬೈರಪ್ಪ ಒಂದೊಂದೇ ಪದರ ತೋರಿಸಿ ಹೇಳುತ್ತಾ ಹೋದ. ಇದು ಸುಣ್ಣದ ಗೂಡಿನವನು ಕೆಟ್ಟ ಕಲ್ಲು ಕೊಟ್ಟ ವರ್ಷದ್ದು, ಅದಕ್ಕೇ ಮಾಸಲು. ಇದು ಯುದ್ಧದ ಕಾಲದಲ್ಲಿ ಸುಣ್ಣ ಸಿಗದೆ ತೆಳ್ಳಗೆ ಬಳಿದದ್ದು. ಇದು ಅಪ್ಪ ಬೋರಣ್ಣನ ಕೊನೆಯ ಕೈ, ಅವನಿಗೆ ಅಂಟಿಗೆಂದು ಕತ್ತಾಳೆ ರಸ ಹೆಚ್ಚಾಗಿ ಹಾಕುವ ಅಭ್ಯಾಸ, ಈಗಲೂ ಗಟ್ಟಿಯಾಗಿದೆ. ಮೇಷ್ಟ್ರು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಒಂದಕ್ಷರ ಓದಲು ಬಾರದವನು ಓದುತ್ತಿದ್ದ, ಶಾಸನ ಓದುವ ಮೇಷ್ಟ್ರು ಬರೆದುಕೊಳ್ಳುತ್ತಿದ್ದರು.

ಹೀಗೆ ತೋರಿಸುತ್ತಿದ್ದವನು ನಡುವಿನ ಒಂದು ಪದರದ ಮೇಲೆ ಬೆರಳಿಟ್ಟು ಮಾತು ನಿಲ್ಲಿಸಿದ. ಅದು ಬಿಳಿಯಾಗಿರಲಿಲ್ಲ. ನೀಲಿ ಗೆರೆ, ಉಗುರಿನಷ್ಟೂ ದಪ್ಪವಿಲ್ಲ.

"ಇದು ಯಾವ ವರ್ಷದ್ದು?" ಎಂದರು ಮೇಷ್ಟ್ರು.

"ಇದು ನಂದಲ್ಲ" ಎಂದ ಚಿಕ್ಕಬೈರಪ್ಪ. "ನಮ್ಮ ಸೊಣ್ಣಂದು."

ಸೊಣ್ಣಮ್ಮ ಇದ್ದಾಗ ಸುಣ್ಣವನ್ನು ನೀರಲ್ಲಿ ಅರಳಿಸುವುದು, ಹಳೇ ಸೀರೆಯಲ್ಲಿ ಸೋಸುವುದು ಅವಳ ಕೆಲಸ, ಬಳಿಯುವುದು ಇವನ ಕೆಲಸ. ಒಂದು ವರ್ಷ ಯುಗಾದಿಯ ಹೊತ್ತಿಗೆ ಇವನು ವಿಷಮಶೀತ ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಸೇವೆ ತಪ್ಪಿದರೆ ಹೆಸರು ಹೋಗುತ್ತದೆ. ಅವಳು ಯಾರಿಗೂ ಹೇಳದೆ ತಾನೇ ಸುಣ್ಣದ ಬಾನಿ ಹೊತ್ತು ಹೋಗಿ ಏಣಿ ಹತ್ತಿ ಇಡೀ ಗುಡಿಗೆ ಸುಣ್ಣ ಬಳಿದು ಬಂದಳು. ಬಿಳುಪು ಹೆಚ್ಚಲಿ ಎಂದು ಒಂದು ಚಿಟಿಕೆ ಹಾಕಬೇಕಾದ ನೀಲಿಯನ್ನು ಗಾಬರಿಯಲ್ಲಿ ಇಡೀ ಪೊಟ್ಟಣ ಸುರಿದುಬಿಟ್ಟಿದ್ದಳು. ಬೈರೇದೇವರಿಗೂ ಚಳಿಜ್ವರ ಬಂದಿದೆ ಎಂದು ಊರೆಲ್ಲ ನಕ್ಕಿತು. ಸಿದ್ದಲಿಂಗಯ್ಯನವರು ಮಾತ್ರ ನಗದೆ ಸುಣ್ಣದ ಸೇವೆ ಚಿಕ್ಕಬೈರಪ್ಪ ಎಂದು ಕೂಗಿದರು. ಮುಂದೆ ಹೋಗಿ ಆರತಿ ತಂದು ಇವನ ಕಣ್ಣಿಗೆ ಒತ್ತಿದವಳೂ ಅವಳೇ. ಮುಂದಿನ ವರ್ಷ ಇವನು ಎದ್ದು, ನಗುತ್ತಾ, ಆ ನೀಲಿಯ ಮೇಲೆ ಬಿಳಿ ಬಳಿದ. ನಗಬಾರದಿತ್ತು ಎಂದು ಈಗ ಅನ್ನಿಸಿತು. ಆ ಚಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತಿದ್ದ. ಮೇಷ್ಟ್ರೂ ಎದ್ದು ಹೋಗಲಿಲ್ಲ.

ಹಿಂಬದಿಯ ಗೋಡೆಯಲ್ಲಿ, ಕೆತ್ತನೆ ಇಲ್ಲದ ಕಡೆ, ಎರಡು ಅಂಗೈಯಗಲದ ಸುಣ್ಣವನ್ನು ಪದರಗಳ ಸಮೇತ ಹಾಗೇ ಉಳಿಸೋಣ ಎಂದು ಮೇಷ್ಟ್ರು ಹೇಳಿದರು. ಇದೂ ಗುಡಿಯ ಚರಿತ್ರೆಯೇ ಎಂದರು. ಚಿಕ್ಕಬೈರಪ್ಪ ಕೈ ಮುಗಿದ.

ಸಂಕ್ರಾಂತಿ ಕಳೆದ ಮೇಲೆ ರಸ್ತೆಗೆ ಜಲ್ಲಿ ಬಿತ್ತು. ಫೆಬ್ರವರಿಯಲ್ಲಿ ಸಿಟಿ ಬಸ್ಸು ದಿನಕ್ಕೆರಡು ಸಲ ಬರತೊಡಗಿತು. ಮುನಿವೆಂಕಟಮ್ಮ ಮೊದಲ ದಿನ ಹೂವಿನ ಮಂಕರಿಯನ್ನು ಪಕ್ಕದ ಸೀಟಿನ ಮೇಲೆ ಕೂರಿಸಿ, ಅದಕ್ಕೆ ಟಿಕೇಟು ಕೇಳಿದ ಕಂಡಕ್ಟರನ ಜತೆ ಜಯನಗರದವರೆಗೂ ಜಗಳವಾಡಿದಳು. ಭಾನುವಾರ ಪ್ರವಾಸಿಗಳ ಬಸ್ಸೂ ಬಂತು. ಗುಡಿಯ ಮುಂದೆ ಮಜ್ಜಿಗೆ, ಸೀಬೆಹಣ್ಣು, ಮಲ್ಲಿಗೆ ಮಾರಿ ಹೆಂಗಸರು ನಾಕು ಕಾಸು ಕಂಡರು. ಊರಿಗೆ ಒಳ್ಳೆಯದೇ ಆಯಿತು, ಅದನ್ನು ಒಪ್ಪಬೇಕು. ಚಿಕ್ಕಬೈರಪ್ಪ ಬಂದವರ ಕೈಕಾಲಿಗೆ ನೀರು ಕೊಡುತ್ತಾ ನಿಂತಿರುತ್ತಿದ್ದ. ಜನ ಹಸು ಕರುವಿನ ಮುಂದೆ ನಿಂತರೆ ಅವನಿಗೆ ಖುಷಿಯಾಗುತ್ತಿತ್ತು.

ಯುಗಾದಿಗೆ ಹಿಂದಿನ ಭಾನುವಾರ ಬಂದವರಲ್ಲಿ ಕೊರಳಿಗೆ ಕ್ಯಾಮೆರಾ ಹಾಕಿದ್ದ ಒಬ್ಬ ದೊಡ್ಡ ಮನುಷ್ಯರಿದ್ದರು. ಗೋಡೆ ನೋಡುತ್ತಾ ನೋಡುತ್ತಾ, "ಇಂಥ ಕೆತ್ತನೆ ಮೇಲೆ ಸುಣ್ಣ ಬಳಿದಿದ್ರಂತಲ್ಲ, ಎಂಥ ಅವಿವೇಕಿಗಳು ಸ್ವಾಮಿ!" ಎಂದು ಜತೆಯವರಿಗೆ ಹೇಳಿದರು.

ನೀರಿನ ತಂಬಿಗೆ ಹಿಡಿದಿದ್ದ ಚಿಕ್ಕಬೈರಪ್ಪ ಸತ್ಯವಂತ. "ನಾನೇ ಸಾರ್ ಬಳಿದಿದ್ದು" ಎಂದ.

ಅವರು ಒಂದು ಗಳಿಗೆ ತಬ್ಬಿಬ್ಬಾದರು, ಆಮೇಲೆ ಜೋರಾಗಿ ನಕ್ಕರು. "ಹೌದೇನಯ್ಯ? ಹಾಗಾದ್ರೆ ಇಲ್ಲಿ ನಿಲ್ಲು, ಗೋಡೆ ಪಕ್ಕ. ಸುಣ್ಣ ಬಳಿದ ಭೂಪನ ಫೋಟೋ ಒಂದು ಇರ್ಲಿ." ಬಸ್ಸಿನವರೆಲ್ಲ ನಕ್ಕರು. ಚಿಕ್ಕಬೈರಪ್ಪನ ಫೋಟೋವನ್ನು ಅದುವರೆಗೆ ಯಾರೂ ತೆಗೆದಿರಲಿಲ್ಲ. ಅವನು ತಂಬಿಗೆ ಕೆಳಗಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು, ಕೈ ಎರಡನ್ನೂ ತೊಡೆಗೆ ಅಂಟಿಸಿ ನೆಟ್ಟಗೆ ನಿಂತ. ಅವರು ಯಾಕೆ ನಗುತ್ತಿದ್ದಾರೆ ಎನ್ನುವುದು ಫೋಟೋ ತೆಗೆದಾದ ಮೇಲೆ ನಿಧಾನವಾಗಿ ತಿಳಿಯಿತು. ಅದನ್ನು ನೆನೆದರೆ ನನಗೆ ಈಗಲೂ ಆ ಕ್ಯಾಮೆರಾವನ್ನು ಬಾವಿಗೆ ಎಸೆಯಬೇಕು ಅನ್ನಿಸುತ್ತದೆ.

ಹೂವು ಕಟ್ಟುತ್ತಾ ಕೂತಿದ್ದ ಮುನಿವೆಂಕಟಮ್ಮ ಎಲ್ಲವನ್ನೂ ನೋಡಿದಳು. ಬಸ್ಸು ಹೋದ ಮೇಲೆ ಮನೆ ಮನೆಗೆ ಹೋದಳು. "ಇವರ ಕೈಲಿ ನಗಿಸ್ಕೊಳ್ಳೋಕೆ ನಮ್ಮ ದೇವರನ್ನ ಬೆತ್ತಲೆ ನಿಲ್ಲಿಸಿದೀವಾ? ನಮ್ಮ ಬೈರಪ್ಪನ್ನ ಕೋತಿ ನಿಲ್ಲಿಸ್ದಂಗೆ ನಿಲ್ಲಿಸಿದ್ರಲ್ಲೇ!" ಎಂದಳು. ಹೆಂಗಸರಿಗೆ ಮೊದಲೇ ಒಳಗೊಳಗೆ ಅಳುಕಿತ್ತು. ಸುಣ್ಣವಿಲ್ಲದ ಗುಡಿಯ ಮುಂದೆ ದೀಪ ಹಚ್ಚುವಾಗ ಸೂತಕದ ಮನೆಗೆ ಹೋದಂತಾಗುತ್ತಿತ್ತು. ಮನೆಗಿಷ್ಟು ಎಂದು ಸುಣ್ಣದ ಕಲ್ಲು ತಂದು, ಬಾನಿಯಲ್ಲಿ ಅರಳಿಸಿ, ಸೋಸಿ, ನೀಲಿ ಹಾಕಿ ಸಿದ್ಧ ಮಾಡಿದರು.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ಊರೆಲ್ಲ ಗುಡಿಯ ಮುಂದೆ ಸೇರಿ ಚಿಕ್ಕಬೈರಪ್ಪನನ್ನು ಕರೆಸಿತು. ಬಾನಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಈಚಲ ಕಡ್ಡಿ ಜಜ್ಜಿ ಮಾಡಿದ ಹೊಸ ಕುಂಚವನ್ನು ಮುನಿವೆಂಕಟಮ್ಮ ಎರಡೂ ಕೈಯಲ್ಲಿ ಹಿಡಿದುಕೊಟ್ಟಳು.

"ಬಳಿಯಪ್ಪ. ನಾಳೆ ನಿನ್ನ ಹೆಸರು ಕೂಗ್ಲೇಬೇಕು. ಬಸ್ಸು ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ. ನಾನು ನಡ್ಕೊಂಡೇ ಹೋಗ್ತೀನಿ."

ಅವನ ಕಣ್ಣು ತುಂಬಿತು. ತನಗಾಗಿ ಇಷ್ಟು ಜನ ಇದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಪಟೇಲ್ ರಾಮಯ್ಯನೂ ಬಂದಿದ್ದ. ಚಿಕ್ಕಬೈರಪ್ಪ ಕುಂಚವನ್ನು ಸುಣ್ಣದಲ್ಲಿ ಅದ್ದಿದ. ಕೈಗೆ ಆ ಭಾರ, ಮೂಗಿಗೆ ಆ ವಾಸನೆ, ಎಲ್ಲ ಎಷ್ಟು ಇಷ್ಟವಾಗಿತ್ತು! ತೆಂಕಣ ಗೋಡೆಯ ಮುಂದೆ ಹೋಗಿ ಕೈ ಎತ್ತಿದ. ಕುಂಚದಿಂದ ಒಂದು ಹನಿ ಜಾರಿ ಕರುವಿನ ಮುಖದ ಮೇಲೆ ಬಿತ್ತು. ಅವನು ತಟ್ಟನೆ ಬಗ್ಗಿ ಟವಲಿನ ತುದಿಯಿಂದ ಅದನ್ನು ಒರೆಸಿದ. ಕಿವಿ ಮುರಿದ ಕಡೆಯೂ ಒರೆಸಿದ. ಒರೆಸಿ, ಕುಂಚವನ್ನು ಬಾನಿಗೆ ವಾಪಸು ಹಾಕಿದ.

"ಆಗಲ್ಲ ಅಕ್ಕ" ಎಂದ.

"ಯಾಕೆ? ಆ ಕ್ಯಾಮೆರಾದೋನಿಗೆ ಹೆದರ್ಕೊಂಡಾ?"

"ಅವನು ಏನೋ ಅಂದ ಅಂತ ಈ ಕರು ಮುಖಕ್ಕೆ ಯಾಕೆ ಬಳೀಲಿ? ಗೊತ್ತಿಲ್ದೇ ಇದ್ದಾಗ ಬಳಿದೆ, ಅದು ಬೇರೆ. ಈಗ ಅದು ನನ್ನ ಮುಖ ನೋಡ್ತೈತೆ."

"ನಾಳೆ ನಿನ್ನ ಹೆಸರು ಹೋಯ್ತದಲ್ಲೋ!"

"ಹೋಗ್ಲಿ" ಎಂದ. "ಸುಣ್ಣ ಹಾಳಾಗ್ಬಾರ್ದು. ನಿಮ್ಮ ಮನೆ ಗೋಡೆಗಳಿಗೆ ಬಳೀತೀನಿ. ದೇವರು ಎದುರಿಗೆ ನೋಡಿದ್ರೆ ಅವನ ಕಣ್ಣಿಗಾದ್ರೂ ಬೆಳ್ಳಗೆ ಕಾಣ್ಲಿ."

ಮುನಿವೆಂಕಟಮ್ಮ ಕೋಪದಿಂದ ಸೆರಗು ಕೊಡವಿ ಹೊರಟುಹೋದಳು. ಊರವರು ಒಬ್ಬೊಬ್ಬರಾಗಿ ಕರಗಿದರು. ಮೇಷ್ಟ್ರು ಇವನ ತಲೆ ಕೆಡಿಸಿದ್ದಾರೆ ಎಂದು ಕೆಲವರು ಗೊಣಗಿಕೊಂಡರು. ಅವನು ಒಬ್ಬನೇ ಬಾನಿ ಹೊತ್ತು, ಸಂಜೆಯ ಬೆಳಕಿರುವವರೆಗೂ ಬೀದಿಯ ಮನೆಗಳಿಗೆ ಸುಣ್ಣ ಬಳಿದ. ಶುರು ಮಾಡಿದ್ದು ಮುನಿವೆಂಕಟಮ್ಮನ ಮನೆಯಿಂದ. ಅವಳು ಬಾಗಿಲು ತೆಗೆಯಲಿಲ್ಲ.

ಯುಗಾದಿಯ ಬೆಳಿಗ್ಗೆ ಪೂಜೆ ಮುಗಿಯಿತು. ಚಿಕ್ಕಬೈರಪ್ಪ ಎಣ್ಣೆಸ್ನಾನ ಮಾಡಿ, ಮಡಿಪಂಚೆ ಉಟ್ಟು ಎಲ್ಲರ ಹಿಂದೆ ಬಂದು ನಿಂತಿದ್ದ. ಮನೆಯಲ್ಲೇ ಇದ್ದುಬಿಡೋಣ ಎಂದುಕೊಂಡಿದ್ದನಂತೆ, ಕಾಲು ಕೇಳಲಿಲ್ಲ. ಸಿದ್ದಲಿಂಗಯ್ಯನವರು ಹೊಸ್ತಿಲ ಮೇಲೆ ನಿಂತರು.

"ಎಣ್ಣೆ ಸೇವೆ, ಪಟೇಲ್ ರಾಮಯ್ಯ." ರಾಮಯ್ಯ ಆರತಿ ತೆಗೆದುಕೊಂಡ. "ಹೂವಿನ ಸೇವೆ, ಮುನಿವೆಂಕಟಮ್ಮ." ಅವಳು ಮುಂದೆ ಬಂದಳು. ನಲವತ್ತು ವರ್ಷದ ಅಭ್ಯಾಸ, ಅಯ್ಯನವರ ಬಾಯಿ ತಾನಾಗಿಯೇ ಮುಂದುವರಿಯಿತು. "ಸುಣ್ಣದ ಸೇವೆ..." ಎಂದವರು ಅಲ್ಲೇ ನಿಂತುಬಿಟ್ಟರು.

"ಈ ವರ್ಷ ಬಳೀಲಿಲ್ಲ ಅಯ್ನೋರೇ" ಎಂದ ಚಿಕ್ಕಬೈರಪ್ಪ ಹಿಂದಿನಿಂದ. "ಎಲ್ರಿಗೂ ಆರತಿ ಕೊಡಿ."

ತಟ್ಟೆಯ ಮುಂದೆ ನಿಂತಿದ್ದ ಮುನಿವೆಂಕಟಮ್ಮ ಆರತಿಗೆ ಕೈ ಚಾಚಿದ್ದವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ತಾಳಿ ಅಯ್ನೋರೇ. ನಿನ್ನೆ ನಾನೇ ಕುಂಚ ಕೊಟ್ಟಿದ್ದು. ಬಳಿದಿದ್ರೆ ಈಗ ಇವನ ಹೆಸರು ಕೂಗ್ತಿದ್ರಿ. ಹೆಸರು ಹೋಯ್ತದೆ ಅಂತ ಗೊತ್ತಿದ್ದೂ ಬಳೀಲಿಲ್ಲ. ನನಗೆ ಕೋಪ ಬಂತು, ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ನಾವೆಲ್ಲ ದೇವರಿಗೆ ನಮ್ಮತ್ರ ಇರೋದ್ರಲ್ಲಿ ಒಂಚೂರು ಕೊಟ್ವಿ. ಇವನು ಇದ್ದದ್ದನ್ನೆಲ್ಲ ಕೊಟ್ಟ. ಅದು ಸೇವೆ ಅಲ್ವಾ? ಅದನ್ನ ಕೂಗದೆ ಇದ್ರೆ ನಂದೂ ಕೂಗ್ಬೇಡಿ."

"ಏನಂತ ಕೂಗೋದಮ್ಮ ಅದನ್ನ?" ಎಂದರು ಸಿದ್ದಲಿಂಗಯ್ಯನವರು. ಅವರು ನಿಜವಾಗಿಯೂ ಕೇಳುತ್ತಿದ್ದರು. ಅಂಥ ಸೇವೆಗೆ ಹೆಸರು ಅವರಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ.

ಅವಳಿಗೂ ತಿಳಿಯಲಿಲ್ಲ. ಪಟೇಲನಿಗೂ ತಿಳಿಯಲಿಲ್ಲ. ಅಯ್ಯನವರು ಒಮ್ಮೆ ಬರಿಯ ಕಲ್ಲಿನ ಗೋಡೆಯನ್ನು ನೋಡಿದರು, ಆಮೇಲೆ ತಟ್ಟೆಯನ್ನು ಎತ್ತಿ ಹಿಡಿದು, ಯಾವ ಸೇವೆಯ ಹೆಸರನ್ನೂ ಹೇಳದೆ, ಬೀದಿಯ ಕೊನೆಗೂ ಕೇಳಿಸುವ ಹಾಗೆ ಕೂಗಿದರು:

"ಚಿಕ್ಕಬೈರಪ್ಪ!"

ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವನು ಅಳುತ್ತಲೇ ಮುಂದೆ ಬಂದ, ಅಳುವನ್ನು ಮುಚ್ಚಿಕೊಳ್ಳಲು ನೋಡಲಿಲ್ಲ. ಬಿರುಕು ಬಿಟ್ಟ ಅಂಗೈಗಳನ್ನು ದೀಪದ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡವನು ಬಹಳ ಹೊತ್ತು ತೆಗೆಯಲಿಲ್ಲ. ಹಿಂದೆ ಊರೆಲ್ಲ ಕಾಯುತ್ತಿತ್ತು. ಅವನು ಕೈ ತೆಗೆಯುವವರೆಗೂ ಸಿದ್ದಲಿಂಗಯ್ಯನವರು ತಟ್ಟೆಯನ್ನು ಅವನ ಮುಂದೆಯೇ ಹಿಡಿದು ನಿಂತಿದ್ದರು.